ಹೆಣ್ಣುಮಕ್ಕಳಿಗೆ ಯಾವ ಸಿನಿಮಾ ತೋರಿಸಬೇಕು, ಹೇಗೆ ತೋರಿಸಬೇಕು? ಶಾಲೆ, ಹಾಸ್ಟೆಲ್ ಮತ್ತು ಸಂಘಗಳಿಗೊಂದು ಮಾರ್ಗದರ್ಶಿ

ಮದ್ದೂರು, ಪಾಂಡವಪುರ, ನಂಜನಗೂಡು, ಟಿ. ನರಸೀಪುರದ ಕಡೆಯ ಪ್ರೌಢಶಾಲಾ ಶಿಕ್ಷಕಿಯರು, ಹಾಸ್ಟೆಲ್ ವಾರ್ಡನ್ನರು ಮತ್ತು ಮಹಿಳಾ ಸಂಘದವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ: "ನಮ್ಮ ಹೆಣ್ಣುಮಕ್ಕಳಿಗೆ ಧೈರ್ಯ ಬರುವಂಥ ಸಿನಿಮಾಗಳ ಪಟ್ಟಿ ಕೊಡಿ." ಪಟ್ಟಿ ಕೊಡುವುದು ಕಷ್ಟವಲ್ಲ. ಆದರೆ ಪಟ್ಟಿಯನ್ನಷ್ಟೇ ನಂಬಿ ಪರದೆ ಕಟ್ಟಿದವರಲ್ಲಿ ಹೆಚ್ಚಿನವರು, ಮಕ್ಕಳು ಹಾಡು ಬಂದಾಗ ಚಪ್ಪಾಳೆ ತಟ್ಟಿ, ಮುಗಿದೊಡನೆ ಬಸ್ಸಿಗೆ ಓಡಿದರೆಂದು ಬೇಸರಪಡುತ್ತಾರೆ. ಆದ್ದರಿಂದ ಈ ಲೇಖನದಲ್ಲಿ ಚಿತ್ರಗಳ ಹೆಸರಿನ ಜೊತೆಗೆ, ಅವನ್ನು ಆರಿಸುವ, ಮೊದಲೇ ನೋಡಿಡುವ, ತೋರಿಸುವ ಮತ್ತು ತೋರಿಸಿದ ಮೇಲೆ ಮಾತನಾಡಿಸುವ ಕ್ರಮವನ್ನೂ ಹಂತ ಹಂತವಾಗಿ ವಿವರಿಸಿದ್ದೇನೆ.

ನಮ್ಮ ಸೀಮೆಯಲ್ಲಿ ಇದು ಬರಿಯ ಮನರಂಜನೆಯ ವಿಷಯವಲ್ಲ. 2023ರ ಕೊನೆಯಲ್ಲಿ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟುಕೊಂಡು ಭ್ರೂಣದ ಲಿಂಗ ಪತ್ತೆ ಮಾಡುತ್ತಿದ್ದ ಜಾಲವೊಂದು ಬಯಲಾದಾಗ, ಆ ಸುದ್ದಿಯನ್ನು ಹುಡುಗಿಯರೂ ಮನೆಯ ಟಿವಿಯಲ್ಲಿ ನೋಡಿದರು. ಆದರೆ ಅದರ ಬಗ್ಗೆ ಅವರೊಡನೆ ಕುಳಿತು ಮಾತನಾಡಿದ ಮನೆಗಳು ಎಷ್ಟಿದ್ದಾವು? ಹಾಗೆ ಒಳಗೇ ಉಳಿದ ಮಾತುಗಳಿಗೆ ಸಿನಿಮಾ ಒಂದು ನೆಪವಾಗುತ್ತದೆ.

ಬೇಕಾದ ಸಾಮಗ್ರಿ ಹೆಚ್ಚೇನಿಲ್ಲ. ಕತ್ತಲು ಮಾಡಬಹುದಾದ ಒಂದು ಕೊಠಡಿ, ಪ್ರೊಜೆಕ್ಟರ್ ಅಥವಾ ದೊಡ್ಡ ಟಿವಿ, ಬೇರೆಯದೇ ಆದ ಒಂದು ಸ್ಪೀಕರ್, ಒಬ್ಬರಾದರೂ ಹೆಂಗಸಾಗಿರುವಂತೆ ಇಬ್ಬರು ಹಿರಿಯರು, ಒಂದು ನೋಟ್‌ಬುಕ್ ಮತ್ತು ಚಿತ್ರದ ಅವಧಿಗಿಂತ ಕನಿಷ್ಠ ಒಂದು ಗಂಟೆ ಹೆಚ್ಚಿನ ಸಮಯ. ಈ ಕೊನೆಯದನ್ನೇ ಎಲ್ಲರೂ ಮರೆಯುವುದು.

1. ನೋಡುವವರು ಯಾರೆಂದು ಮೊದಲು ತೀರ್ಮಾನಿಸಿ

ಐದನೆಯ ತರಗತಿಯವರನ್ನೂ ಪಿಯುಸಿಯವರನ್ನೂ ಒಟ್ಟಿಗೆ ಕೂರಿಸಿ ಒಂದೇ ಚಿತ್ರ ತೋರಿಸಿದರೆ, ಚಿಕ್ಕವರಿಗೆ ಅರ್ಥವಾಗುವುದಿಲ್ಲ, ದೊಡ್ಡವರು ಚಿಕ್ಕವರ ಮುಂದೆ ಬಾಯಿ ಬಿಡುವುದಿಲ್ಲ. ಹತ್ತರಿಂದ ಹನ್ನೆರಡು ವರ್ಷದವರು, ಹದಿಮೂರರಿಂದ ಹದಿನೈದರವರು, ಹದಿನಾರು ದಾಟಿದವರು, ಇವರೆಲ್ಲರನ್ನು ಬಿಟ್ಟು ತಾಯಂದಿರ ಗುಂಪು ಎಂದು ವಿಂಗಡಿಸಿಕೊಳ್ಳುವುದು ಒಳ್ಳೆಯದು.

ಸೆನ್ಸಾರ್ ಪ್ರಮಾಣಪತ್ರವನ್ನು ಇಲ್ಲಿಯೇ ಗಮನಿಸಬೇಕು. 'ಯು' ಎಂದರೆ ಎಲ್ಲರೂ ನೋಡಬಹುದಾದದ್ದು, 'ಎ' ಎಂದರೆ ಹದಿನೆಂಟು ತುಂಬಿದವರಿಗೆ ಮಾತ್ರ. ಇವೆರಡರ ನಡುವಿನ 'ಯುಎ' ಎಂದರೆ ಹಿರಿಯರ ಮಾರ್ಗದರ್ಶನದಲ್ಲಿ ನೋಡಬೇಕಾದದ್ದು; 2024ರ ನಿಯಮಗಳ ಪ್ರಕಾರ ಇದನ್ನು 7+, 13+ ಮತ್ತು 16+ ಎಂದು ಮೂರು ವಯೋಮಾನಗಳಾಗಿ ವಿಂಗಡಿಸಲಾಗಿದೆ. ಹಳೆಯ ಚಿತ್ರಗಳಲ್ಲಿ ಈ ವಿಂಗಡಣೆ ಇರುವುದಿಲ್ಲ. 'ಯು' ಎಂದು ಕಂಡ ಮಾತ್ರಕ್ಕೆ ನಿಶ್ಚಿಂತರಾಗಬೇಡಿ: ಖಳನಾಯಕ ಹೆಣ್ಣನ್ನು ಅಟ್ಟಿಸಿಕೊಂಡು ಹೋಗುವ ದೃಶ್ಯವನ್ನು ನಿಮಿಷಗಟ್ಟಲೆ ಎಳೆದಿರುವ ಎಷ್ಟೋ ಹಳೆಯ ಚಿತ್ರಗಳು 'ಯು' ಪ್ರಮಾಣಪತ್ರದಲ್ಲೇ ಬಂದಿವೆ.

2. ಚಿತ್ರವನ್ನು ಮೂರು ಪ್ರಶ್ನೆಗಳಿಂದ ಜರಡಿ ಹಿಡಿಯಿರಿ

ಅಮೆರಿಕದ ವ್ಯಂಗ್ಯಚಿತ್ರ ಕಲಾವಿದೆ ಆಲಿಸನ್ ಬೆಕ್ಡೆಲ್ ಅವರ 1985ರ ಒಂದು ಕಾಮಿಕ್ ಸ್ಟ್ರಿಪ್ಪಿನಿಂದ ಹುಟ್ಟಿದ 'ಬೆಕ್ಡೆಲ್ ಪರೀಕ್ಷೆ' ಜಗತ್ತಿನಾದ್ಯಂತ ಹೆಸರಾಗಿದೆ. ಸಿನಿಮಾದಲ್ಲಿ ಕನಿಷ್ಠ ಇಬ್ಬರು ಹೆಂಗಸರಿರಬೇಕು, ಅವರು ಪರಸ್ಪರ ಮಾತನಾಡಬೇಕು, ಆ ಮಾತು ಗಂಡಸಿನ ಕುರಿತಾಗಿರದೆ ಬೇರೆ ಏನಾದರೂ ಆಗಿರಬೇಕು ಎಂಬುದಷ್ಟೇ ಆ ಪರೀಕ್ಷೆ. ನಿಮಗೆ ಪ್ರಿಯವಾದ ನಾಲ್ಕಾರು ಚಿತ್ರಗಳಿಗೆ ಇದನ್ನು ಹಚ್ಚಿ ನೋಡಿದರೆ ಆಶ್ಚರ್ಯವಾಗುತ್ತದೆ. ಆದರೂ ಇದು ಬಾಗಿಲ ಬಳಿಯ ತಪಾಸಣೆ ಮಾತ್ರ. ಅತ್ತೆ ಸೊಸೆಯರು ಒಡವೆಯ ವಿಚಾರಕ್ಕೆ ಜಗಳವಾಡುವ ಚಿತ್ರವೂ ಇದರಲ್ಲಿ ಪಾಸಾಗುತ್ತದೆ. ಆದ್ದರಿಂದ ನೀವು ಕೇಳಬೇಕಾದವು ಬೇರೆ ಮೂರು ಪ್ರಶ್ನೆಗಳು.

ಕತೆ ತಿರುಗುವ ಹೊತ್ತಿನಲ್ಲಿ ನಿರ್ಧಾರ ಯಾರದ್ದು? ನಾಯಕಿ ಹತ್ತು ಜನರನ್ನು ಹೊಡೆದುರುಳಿಸಬಹುದು, ಪೊಲೀಸ್ ಸಮವಸ್ತ್ರದಲ್ಲಿ ಗುಡುಗಬಹುದು. ಆದರೆ ಮುಖ್ಯ ತಿರುವುಗಳೆಲ್ಲ ಅಪ್ಪನಿಂದಲೋ ಅಣ್ಣನಿಂದಲೋ ಪ್ರೇಮಿಯಿಂದಲೋ ಆಗುತ್ತಿದ್ದರೆ ಆಕೆಯ ಬಲ ತೋರಿಕೆಯದು. ದೊಡ್ಡ ಯಶಸ್ಸು ಕಂಡ 'ದಂಗಲ್' (2016) ಚಿತ್ರವನ್ನೇ ತೆಗೆದುಕೊಳ್ಳಿ. ಹೆಣ್ಣುಮಕ್ಕಳು ಕುಸ್ತಿಯಲ್ಲಿ ಗೆಲ್ಲುವ ಆ ಕತೆ ಶಾಲಾಮಕ್ಕಳಿಗೆ ಬಹಳ ಹಿಡಿಸುತ್ತದೆ, ತೋರಿಸಲು ಅಡ್ಡಿಯೂ ಇಲ್ಲ. ಆದರೆ ಕುಸ್ತಿಯ ಕನಸು ಅಪ್ಪನದು, ಕೂದಲು ಕತ್ತರಿಸಿದ್ದೂ ಅಪ್ಪನ ಅಪ್ಪಣೆಯಿಂದ. ಇದನ್ನು ಮಕ್ಕಳೊಡನೆ ಚರ್ಚಿಸುವ ಸಿದ್ಧತೆ ಇಟ್ಟುಕೊಂಡೇ ತೋರಿಸಬೇಕು.

ಕೊನೆಯ ಇಪ್ಪತ್ತು ನಿಮಿಷಗಳಲ್ಲಿ ಚಿತ್ರ ಆಕೆಯನ್ನು ಏನು ಮಾಡುತ್ತದೆ? ಕನ್ನಡದಲ್ಲಿ ನಾಯಕಿಯ ಜೋರಿಗೆ ಕೊರತೆಯಿಲ್ಲ. 'ನಂಜುಂಡಿ ಕಲ್ಯಾಣ'ದ (1989) ಮಾಲಾಶ್ರೀಯವರ ಪಾತ್ರವನ್ನು ಇಂದಿಗೂ ಜನ ಮೆಚ್ಚಿ ನೋಡುತ್ತಾರೆ, ನಾನೂ ನೋಡುತ್ತೇನೆ. ಆದರೆ ಆ ಕತೆಯ ಬೇರಿರುವುದು ಗಯ್ಯಾಳಿ ಹೆಣ್ಣನ್ನು ಗಂಡ ಪಳಗಿಸುವ ಷೇಕ್ಸ್‌ಪಿಯರ್ ನಾಟಕದಲ್ಲಿ. ಮೊದಲರ್ಧದ ಜೋರನ್ನು ನೋಡಿ ಚಿತ್ರವನ್ನು ಆರಿಸಿದರೆ, ಹುಡುಗಿಯರು ಮನೆಗೆ ಒಯ್ಯುವುದು ದ್ವಿತೀಯಾರ್ಧದ ಪಾಠವನ್ನು. ಇದರ ಇನ್ನೊಂದು ಬಗೆ ತ್ಯಾಗಮಯಿ ನಾಯಕಿ. ಪುಟ್ಟಣ್ಣ ಕಣಗಾಲರ 'ಗೆಜ್ಜೆಪೂಜೆ' ದೊಡ್ಡ ಚಿತ್ರವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಸಾವಿನಲ್ಲಿ ಮುಗಿಯುವ ಅದನ್ನು ಹದಿನಾಲ್ಕು ವರ್ಷದವರಿಗೆ ಮೊದಲ ಚಿತ್ರವಾಗಿ ತೋರಿಸುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ.

ಕ್ಯಾಮೆರಾ ಆಕೆಯನ್ನು ಹೇಗೆ ನೋಡುತ್ತದೆ? ಧ್ವನಿ ಬಂದ್ ಮಾಡಿ ಹತ್ತು ನಿಮಿಷ ಚಿತ್ರವನ್ನು ನೋಡಿ. ಆಕೆ ಮಾತನಾಡುವಾಗ ಚಿತ್ರಿಕೆ ಮುಖದ ಮೇಲೆ ನಿಲ್ಲುತ್ತದೆಯೋ, ಸೊಂಟದ ಮೇಲೋ ಎಂಬುದು ತಾನಾಗಿ ತಿಳಿಯುತ್ತದೆ.

3. ಚಿತ್ರ ಆರಿಸುವುದು

ಚಿಕ್ಕವರಿಂದ ಹಿಡಿದು ಹದಿನೈದರವರೆಗಿನವರಿಗೆ ನಾನು ಮೊದಲು ಹೇಳುವುದು ಸೌದಿ ಅರೇಬಿಯಾದ 'ವಜ್ದಾ' (2012). ಹತ್ತು ಹನ್ನೊಂದರ ಹುಡುಗಿಯೊಬ್ಬಳಿಗೆ ಸೈಕಲ್ ಬೇಕು. ಹೆಣ್ಣುಮಕ್ಕಳು ಸೈಕಲ್ ತುಳಿಯಬಾರದೆಂಬ ಊರು ಅದು. ಹಣ ಹೊಂದಿಸಲು ಆಕೆ ಕುರಾನ್ ಪಠಣದ ಸ್ಪರ್ಧೆಗೆ ಸೇರುತ್ತಾಳೆ. ನಿರ್ದೇಶಕಿ ಹೈಫಾ ಅಲ್ ಮನ್ಸೂರ್ ಬೀದಿಯ ದೃಶ್ಯಗಳನ್ನು ಗಂಡಸರ ನಡುವೆ ನಿಂತು ನಿರ್ದೇಶಿಸಲಾಗದೆ, ವ್ಯಾನಿನೊಳಗೆ ಕುಳಿತು ವಾಕಿಟಾಕಿಯಲ್ಲಿ ಸೂಚನೆ ಕೊಟ್ಟರೆಂಬ ಸಂಗತಿಯನ್ನು ಚಿತ್ರದ ನಂತರ ಹೇಳಿ, ಮಕ್ಕಳ ಕಣ್ಣು ಅರಳುತ್ತದೆ. ನಮ್ಮಲ್ಲಿ ಎಂಟನೆಯ ತರಗತಿಯವರಿಗೆ ಸರ್ಕಾರ ಸೈಕಲ್ ಕೊಡಲು ಆರಂಭಿಸಿದ್ದು 2006-07ರಲ್ಲಿ. ಆ ಸೈಕಲ್ಲಿನಲ್ಲಿ ಪ್ರೌಢಶಾಲೆಗೆ ಹೋದ ಅಕ್ಕಂದಿರು, ಚಿಕ್ಕಮ್ಮಂದಿರು ಬಹಳ ಮನೆಗಳಲ್ಲಿ ಇದ್ದಾರೆ. ಅವರಲ್ಲೊಬ್ಬರನ್ನು ಪ್ರದರ್ಶನಕ್ಕೆ ಕರೆಯಿರಿ.

ತಾಯಿ ಮಗಳನ್ನು ಒಟ್ಟಿಗೆ ಕೂರಿಸುವುದಾದರೆ ಹಿಂದಿಯ 'ನಿಲ್ ಬಟ್ಟೆ ಸನ್ನಾಟಾ' (2016) ಮತ್ತು 'ಇಂಗ್ಲಿಷ್ ವಿಂಗ್ಲಿಷ್' (2012) ಒಳ್ಳೆಯ ಆಯ್ಕೆ. ಮೊದಲನೆಯದರಲ್ಲಿ ಮನೆಗೆಲಸ ಮಾಡುವ ತಾಯಿ ಮಗಳ ತರಗತಿಗೇ ವಿದ್ಯಾರ್ಥಿನಿಯಾಗಿ ಸೇರುತ್ತಾಳೆ. ಎರಡನೆಯದರಲ್ಲಿ ಲಡ್ಡು ಮಾಡಿ ಮಾರುವ ಗೃಹಿಣಿ, ಮನೆಯವರ ತಾತ್ಸಾರದಿಂದ ನೊಂದು, ಯಾರಿಗೂ ಹೇಳದೆ ಇಂಗ್ಲಿಷ್ ಕಲಿಯುತ್ತಾಳೆ.

ಕನ್ನಡದ ಮಟ್ಟಿಗೆ, ಹದಿಮೂರು ದಾಟಿದವರಿಗೆ 'ಬೆಳ್ಳಿಮೋಡ'ದಿಂದ (1967) ಆರಂಭಿಸಿ. ಮೈಸೂರಿನಲ್ಲಿ ಬಾಳಿದ ತ್ರಿವೇಣಿಯವರ ಕಾದಂಬರಿ ಅದಕ್ಕೆ ಆಧಾರ. ಆಸ್ತಿಯ ಆಸೆಗೆ ನಾಯಕಿ ಇಂದಿರೆಯನ್ನು ಮದುವೆಯಾಗಲು ಒಪ್ಪಿದ್ದ ಮೋಹನ್, ಆಸ್ತಿಗೆ ವಾರಸುದಾರನಾಗಿ ಆಕೆಗೆ ತಮ್ಮನೊಬ್ಬ ಹುಟ್ಟಿದೊಡನೆ ಅವಳನ್ನು ಕೈಬಿಡುತ್ತಾನೆ. ಕಾಲ ತಿರುಗಿ ಆತನೇ ಮತ್ತೆ ಕೈಹಿಡಿಯಲು ಬಂದಾಗ ಆಕೆ ಬೇಡವೆನ್ನುತ್ತಾಳೆ. ಕೂಗಾಟವಿಲ್ಲ, ಶಾಪವಿಲ್ಲ. ಇಷ್ಟು ಹಿಂದೆ, ಮದುವೆಯೇ ಹೆಣ್ಣಿನ ಗುರಿಯೆಂದು ನಂಬಿದ್ದ ಪ್ರೇಕ್ಷಕರ ಮುಂದೆ, ನಾಯಕಿಯ ನಿರಾಕರಣೆಯಿಂದ ಚಿತ್ರ ಮುಗಿಸಿದ್ದು ಸಣ್ಣ ಮಾತಲ್ಲ. ಕಪ್ಪು ಬಿಳುಪು ಚಿತ್ರವೆಂದು ಮಕ್ಕಳು ಮುಖ ಸಿಂಡರಿಸುತ್ತಾರೆ. ಮೊದಲ ಹಾಡು ಬರುವವರೆಗೆ ತಾಳ್ಮೆಯಿರಲಿ.

ಹದಿನಾರು ದಾಟಿದವರಿಗೆ ಗಿರೀಶ ಕಾಸರವಳ್ಳಿಯವರ ಚಿತ್ರಗಳೇ ಒಂದು ಪಠ್ಯ. 'ದ್ವೀಪ' (2002) ಅದರಲ್ಲಿ ಮೊದಲನೆಯದು. ನಾ. ಡಿಸೋಜರ ಕೃತಿಯನ್ನು ಆಧರಿಸಿದ ಈ ಚಿತ್ರವನ್ನು ನಿರ್ಮಿಸಿ, ನಾಗಿಯ ಪಾತ್ರ ಮಾಡಿದವರು ಸೌಂದರ್ಯ. ಅಣೆಕಟ್ಟಿನ ಹಿನ್ನೀರು ಏರುತ್ತಾ ಮನೆಯನ್ನು ಸುತ್ತುವರಿದಾಗ, ದನಕರು, ಅಡುಗೆ, ಗಂಡ, ಎಲ್ಲವನ್ನೂ ಎತ್ತಿ ನಿಲ್ಲಿಸುವವಳು ನಾಗಿ. ನೀರಿಳಿದ ಮೇಲೆ ಗಂಡ ಉಳಿವಿನ ಶ್ರೇಯಸ್ಸನ್ನು ದೇವರಿಗೆ ಸಲ್ಲಿಸುತ್ತಾನೆ. ಕನ್ನಂಬಾಡಿ ಕಟ್ಟೆಯ ನೀರುಂಡು ಬೆಳೆದ ನಮ್ಮ ಮಕ್ಕಳು, ಅಣೆಕಟ್ಟೆಯ ಮತ್ತೊಂದು ಮಗ್ಗುಲಲ್ಲಿ ಮುಳುಗಿದವರ ಬದುಕನ್ನು ನೋಡಬೇಕಾದ ಕಾರಣಕ್ಕೂ ನಾನು ಇದನ್ನು ಮುಂದಿಡುತ್ತೇನೆ. 'ಹಸೀನಾ' (2004) ಬಾನು ಮುಷ್ತಾಕ್ ಅವರ ಕತೆಯಿಂದ ಬಂದದ್ದು. ಗಂಡ ಕೈಬಿಟ್ಟ ಹೆಣ್ಣು ನ್ಯಾಯ ಕೇಳಿ ಮಸೀದಿಯ ಮುಂದೆ ಕೂರುವ ಈ ಚಿತ್ರದಲ್ಲಿ ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಉಮಾಶ್ರೀಯವರಿಗೆ ಅದೇ ಗೌರವ ತಂದ 'ಗುಲಾಬಿ ಟಾಕೀಸ್' (2008) ವೈದೇಹಿಯವರ ಕತೆಯನ್ನು ಆಧರಿಸಿದೆ.

ಹೆಣ್ಣುಮಕ್ಕಳೇ ನಿರ್ದೇಶಿಸಿದ ಚಿತ್ರಗಳನ್ನು ಮರೆಯಬೇಡಿ. ಎಂ.ಕೆ. ಇಂದಿರಾ ಅವರ ಕಾದಂಬರಿಯಿಂದ ಪ್ರೇಮಾ ಕಾರಂತರು ಮಾಡಿದ 'ಫಣಿಯಮ್ಮ', ತೇಜಸ್ವಿಯವರ ಕತೆಯಿಂದ ಸುಮನಾ ಕಿತ್ತೂರು ಮಾಡಿದ 'ಕಿರಗೂರಿನ ಗಯ್ಯಾಳಿಗಳು' (ಇದರಲ್ಲಿ ಮಾತು ಒರಟು, ದೊಡ್ಡವರಿಗಷ್ಟೇ), ಹರೆಯದ ಪ್ರೇಮವನ್ನು ಹುಡುಗಿಯ ಕಣ್ಣಿನಿಂದಲೇ ಹೇಳುವ ರೂಪಾ ರಾವ್ ಅವರ 'ಗಂಟುಮೂಟೆ' (2019), ಮಗಳಿಗೆ ಕೋಳಿ ಸಾರು ಉಣಿಸುವ ಆಸೆ ಹೊತ್ತ ಬಡತಾಯಿಯ ಕತೆಯಾದ ಚಂಪಾ ಶೆಟ್ಟಿಯವರ 'ಕೋಳಿ ಎಸ್ರು' ಇವೆಲ್ಲ ಇದ್ದಾವೆ. ಕೊನೆಯದರಲ್ಲಿ ತಾಯಿಯ ಪಾತ್ರ ಮಾಡಿದ ಅಕ್ಷತಾ ಪಾಂಡವಪುರ ಮಂಡ್ಯ ಜಿಲ್ಲೆಯವರೇ.

ಮದುವೆಯಾದವರ, ಮದುವೆಯ ವಯಸ್ಸಿನವರ ಗುಂಪಿಗೆ ಮಲಯಾಳಂನ 'ದಿ ಗ್ರೇಟ್ ಇಂಡಿಯನ್ ಕಿಚನ್' (2021) ಇದೆ. ಅಡುಗೆಮನೆಯ ಸಿಂಕಿನ ಪೈಪು ಸೋರುತ್ತಿದೆ, ಪ್ಲಂಬರನ್ನು ಕರೆಸಿ ಎಂದು ಹೆಂಡತಿ ಹೇಳುತ್ತಲೇ ಇರುತ್ತಾಳೆ, ಗಂಡ ಮರೆಯುತ್ತಲೇ ಇರುತ್ತಾನೆ; ಚಿತ್ರದ ಕೋಪವೆಲ್ಲ ಆ ಕೊಳಕು ನೀರಿನ ಬಕೆಟ್ಟಿನಲ್ಲಿ ತುಂಬಿಕೊಳ್ಳುತ್ತದೆ. ಇದರಲ್ಲಿ ಮುಟ್ಟು ಮತ್ತು ದೇವಸ್ಥಾನದ ವಿಚಾರವೂ ಬರುವುದರಿಂದ ಚರ್ಚೆ ಧರ್ಮದ ವಾಗ್ವಾದಕ್ಕೆ ತಿರುಗಬಹುದು. ಆಗ ಮಾತನ್ನು ಮತ್ತೆ ಸಿಂಕಿನ ಬಳಿಗೆ ತನ್ನಿ.

4. ಮೊದಲು ನೀವು ಪೂರ್ತಿ ನೋಡಿ

ಟ್ರೇಲರ್ ನೋಡಿ, ಯಾರೋ ಹೊಗಳಿದ್ದನ್ನು ಕೇಳಿ ಚಿತ್ರ ಹಾಕಬೇಡಿ. ನೋಟ್‌ಬುಕ್ ಹಿಡಿದು ಕೂತು, ಕಿರಿಕಿರಿಯಾಗಬಹುದಾದ ದೃಶ್ಯ ಎಷ್ಟನೆಯ ನಿಮಿಷದಲ್ಲಿ ಬರುತ್ತದೆ, ಚಿತ್ರ ನಿಲ್ಲಿಸಿ ವಿವರಿಸಬೇಕಾದ ಜಾಗ ಯಾವುದು, ಮಧ್ಯಂತರ ಎಲ್ಲಿ ಕೊಡಬೇಕು ಎಂದು ಗುರುತು ಮಾಡಿಕೊಳ್ಳಿ. ಆತ್ಮಹತ್ಯೆ, ಲೈಂಗಿಕ ದೌರ್ಜನ್ಯ, ಮನೆಯೊಳಗಿನ ಹೊಡೆತದ ದೃಶ್ಯಗಳಿದ್ದರೆ ಪ್ರದರ್ಶನಕ್ಕೆ ಮುಂಚೆಯೇ ಹೇಳಿ, ಬೇಡವಾದವರು ಎದ್ದು ಹೋಗಲು ಅವಕಾಶವಿರಲಿ. ದೃಶ್ಯವನ್ನು ಅವಸರದಲ್ಲಿ ಮುಂದಕ್ಕೆ ಓಡಿಸುವುದು ಎಲ್ಲಕ್ಕಿಂತ ಕೆಟ್ಟ ಉಪಾಯ. ಹಾಗೆ ಓಡಿಸಿದ ದೃಶ್ಯವನ್ನೇ ಮಕ್ಕಳು ಮನೆಗೆ ಹೋಗಿ ಮೊಬೈಲಿನಲ್ಲಿ ಹುಡುಕುತ್ತಾರೆ.

ಬೇರೆ ಭಾಷೆಯ ಚಿತ್ರವಾದರೆ ಅಡಿಬರಹ, ಅಂದರೆ ಪರದೆಯ ಕೆಳಗೆ ಮೂಡುವ ಅನುವಾದದ ಸಾಲು, ಬಹುಪಾಲು ಇಂಗ್ಲಿಷಿನಲ್ಲಿರುತ್ತದೆ. ಕನ್ನಡ ಮಾಧ್ಯಮದ ಮಕ್ಕಳಿಗೆ ಅದನ್ನು ಆ ವೇಗದಲ್ಲಿ ಓದಲಾಗುವುದಿಲ್ಲ. ಆರಂಭದಲ್ಲೇ ಅರ್ಧ ಕತೆ ಹೇಳಿ, ನಡುವೆ ನಾಲ್ಕೈದು ಕಡೆ ನಿಲ್ಲಿಸಿ ಉಳಿದದ್ದನ್ನು ಹೇಳಿ. ಚಿತ್ರ ಓಡುತ್ತಿರುವಾಗಲೇ ಮೈಕ್ ಹಿಡಿದು ಪ್ರತಿ ಮಾತನ್ನೂ ಅನುವಾದಿಸಲು ಹೋದರೆ ಯಾರಿಗೂ ಏನೂ ಉಳಿಯುವುದಿಲ್ಲ.

5. ಅನುಮತಿ

ಶಾಲೆ ಕಾಲೇಜುಗಳಿಗೆ ಇದು ಸುಲಭ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಕಲಮು, ಶಿಕ್ಷಣ ಸಂಸ್ಥೆಯ ಚಟುವಟಿಕೆಯ ಭಾಗವಾಗಿ, ಸಿಬ್ಬಂದಿ, ವಿದ್ಯಾರ್ಥಿಗಳು, ಅವರ ಪೋಷಕರು ಮತ್ತು ಸಂಸ್ಥೆಯ ಚಟುವಟಿಕೆಗೆ ಸಂಬಂಧಪಟ್ಟವರಿಗೆ ಮಾತ್ರ ಚಲನಚಿತ್ರ ತೋರಿಸುವುದಕ್ಕೆ ವಿನಾಯಿತಿ ಕೊಟ್ಟಿದೆ. ಊರಿನವರೆಲ್ಲ ಬರಲಿ ಎಂದು ಬಾಗಿಲು ತೆರೆದರೆ ಈ ವಿನಾಯಿತಿ ಅನ್ವಯಿಸುವುದಿಲ್ಲ. ಸಂಘದವರು ಸಮುದಾಯ ಭವನದಲ್ಲಿ ತೋರಿಸುವುದಾದರೆ, ಟಿಕೆಟ್ ಇಲ್ಲದಿದ್ದರೂ ನಿರ್ಮಾಪಕರಿಂದ ಅಥವಾ ಹಕ್ಕು ಪಡೆದವರಿಂದ ಒಪ್ಪಿಗೆ ಪತ್ರ ತರಿಸಿಕೊಳ್ಳಬೇಕು. ಒಟಿಟಿ, ಅಂದರೆ ಅಂತರ್ಜಾಲದಲ್ಲಿ ಚಂದಾ ಕಟ್ಟಿ ನೋಡುವ ವೇದಿಕೆಗಳ ಚಂದಾ ಸಾಮಾನ್ಯವಾಗಿ ಮನೆಯ ಬಳಕೆಗೆ ಮಾತ್ರ. ಅದನ್ನೇ ಸಭಾಂಗಣದಲ್ಲಿ ಹಾಕುವಂತಿಲ್ಲ. ಸಣ್ಣ ಚಿತ್ರಗಳ ನಿರ್ದೇಶಕರಿಗೆ ನೇರವಾಗಿ ಪತ್ರ ಬರೆದು ಕೇಳಿ ನೋಡಿ. ಪ್ರೇಕ್ಷಕರು ಸಿಕ್ಕರೆಂದು ಸಂತೋಷಪಡುವವರೇ ಹೆಚ್ಚು.

ಇದಲ್ಲದೆ, ಮುಖ್ಯ ಶಿಕ್ಷಕರ ಮತ್ತು ಶಾಲಾಭಿವೃದ್ಧಿ ಸಮಿತಿಯವರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಚಿತ್ರದ ಹೆಸರು, ಪ್ರಮಾಣಪತ್ರ, ಎರಡು ಸಾಲಿನ ಕತೆ ಆ ಪತ್ರದಲ್ಲಿರಲಿ. ನಾಳೆ ಯಾರಾದರೂ ಹಿರಿಯರು "ಹೆಣ್ಮಕ್ಳಿಗೆ ಏನೇನೋ ತೋರುಸ್ತಾವ್ರಂತೆ" ಎಂದು ಬಂದರೆ ಆ ಹಾಳೆ ನಿಮ್ಮನ್ನು ಕಾಯುತ್ತದೆ.

6. ಕೊಠಡಿಯ ಸಿದ್ಧತೆ

ಪ್ರೊಜೆಕ್ಟರಿನ ಬೆಳಕನ್ನು ಲೂಮೆನ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಹಗಲು ಹೊತ್ತಿನ ತರಗತಿ ಕೋಣೆಗೆ ಸುಮಾರು 3000 ಲೂಮೆನ್ ಬೇಕು, ಕಿಟಕಿಗಳಿಗೆ ಕಪ್ಪು ಬಟ್ಟೆಯೋ ದಪ್ಪ ರಗ್ಗೋ ಕಟ್ಟಬೇಕು. ಚಿತ್ರ ಮಂಕಾಗಿದ್ದರೂ ಮಕ್ಕಳು ನೋಡುತ್ತಾರೆ. ಮಾತು ಕೇಳದಿದ್ದರೆ ಐದು ನಿಮಿಷದಲ್ಲಿ ಗದ್ದಲವಾಗುತ್ತದೆ. ಹಾಗಾಗಿ ಹಣವಿದ್ದರೆ ಮೊದಲು ಸ್ಪೀಕರಿಗೆ ಹಾಕಿ. ಚಿತ್ರ ಲ್ಯಾಪ್‌ಟಾಪಿನಲ್ಲೇ ಇರಲಿ, ನೆಟ್‌ವರ್ಕನ್ನು ನಂಬಬೇಡಿ. ಆ ದಿನ ಕರೆಂಟ್ ಕಡಿತವಿದೆಯೇ ಎಂದು ಸೆಸ್ಕ್ ಪ್ರಕಟಣೆ ನೋಡಿ. ಕೊನೆಯ ಬಸ್ಸಿನ ವೇಳೆಯಿಂದ ಹಿಂದಕ್ಕೆ ಲೆಕ್ಕ ಹಾಕಿ ಪ್ರದರ್ಶನ ಆರಂಭಿಸುವ ಹೊತ್ತನ್ನು ನಿಗದಿ ಮಾಡಿ.

7. ಚಿತ್ರ ಮುಗಿದ ಮೇಲೆ

ನಿಜವಾದ ಕೆಲಸ ಇಲ್ಲಿಂದ ಆರಂಭ. ದೀಪ ಹಾಕಿದೊಡನೆ "ಈ ಚಿತ್ರದಿಂದ ಏನು ಕಲಿತಿರಿ?" ಎಂದು ಕೇಳಬೇಡಿ. ಕೇಳಿದರೆ "ಧೈರ್ಯವಾಗಿರಬೇಕು ಮಿಸ್" ಎಂಬ ಉತ್ತರ ಒಂದೇ ದನಿಯಲ್ಲಿ ಬರುತ್ತದೆ, ಅಲ್ಲಿಗೆ ಚರ್ಚೆ ಸತ್ತಂತೆ. ಅತಿಥಿಗಳ ಭಾಷಣವನ್ನಂತೂ ಇಡಲೇಬೇಡಿ. ಮಕ್ಕಳನ್ನು ವೃತ್ತಾಕಾರವಾಗಿ ಜಮಖಾನದ ಮೇಲೆ ಕೂರಿಸಿ, ಮೊದಲು ಕಣ್ಣಿಗೆ ಕಂಡದ್ದನ್ನು ಮಾತ್ರ ಕೇಳಿ: ನಾಗಿ ದೋಣಿಯಲ್ಲಿ ಏನನ್ನು ಸಾಗಿಸಿದಳು? ಇಂದಿರೆ ಬೇಡವೆಂದಾಗ ಅವಳ ಮುಖ ಹೇಗಿತ್ತು? ಅಡುಗೆಮನೆಯಲ್ಲಿ ಮೊದಲು ಊಟ ಮಾಡಿದವರು ಯಾರು? ಕಂಡದ್ದನ್ನು ಹೇಳುವುದಕ್ಕೆ ಯಾರೂ ಹೆದರುವುದಿಲ್ಲ. ಆಮೇಲೆ, "ನೀವಾಗಿದ್ದರೆ ಯಾವ ಜಾಗದಲ್ಲಿ ಬೇರೆ ದಾರಿ ಹಿಡಿಯುತ್ತಿದ್ದಿರಿ?" ಎಂದು ಕೇಳಿ.

ಉತ್ತರ ಬರುವವರೆಗೆ ಸುಮ್ಮನಿರುವುದನ್ನು ಅಭ್ಯಾಸ ಮಾಡಿಕೊಳ್ಳಬೇಕು. 'ದ್ವೀಪ' ಮುಗಿದ ಮೇಲೆ ಕಬ್ಬಿನ ಸೀಮೆಯ ಹುಡುಗಿಯೊಬ್ಬಳು ಬಹಳ ಹೊತ್ತು ಸುಮ್ಮನಿದ್ದು, "ನಮ್ಮಪ್ಪನೂ ಹಂಗೇಯ ಮಿಸ್, ಕಬ್ಬು ಚೆಂದಾಗ್ ಬಂದ್ರೆ ನಾಲೆ ನೀರ್ ಬಂತು ಅಂತದೆ. ನಮ್ಮವ್ವ ಕಳೆ ತಗ್ದುದ್ ಮಾತೇ ಇಲ್ಲ" ಎಂದಳು. ವಿಮರ್ಶಕರು ಪುಟಗಟ್ಟಲೆ ಬರೆಯುವುದು ಅಷ್ಟರಲ್ಲಿ ಬಂದಿತ್ತು. ಇಂಥ ಮಾತು ಬಂದಾಗ "ಅಪ್ಪನನ್ನು ಹಾಗೆಲ್ಲ ಅನ್ನಬಾರದು" ಎಂದು ತಿದ್ದಿದರೆ ಮುಂದಿನ ಪ್ರದರ್ಶನದಲ್ಲಿ ಒಬ್ಬಳೂ ಬಾಯಿ ತೆರೆಯುವುದಿಲ್ಲ. ಹಾಗೆಯೇ, ನಾಯಕಿ ಮಾಡಿದ್ದು ತಪ್ಪು ಎಂದು ಯಾರಾದರೂ ಹೇಳಿದರೆ ಆ ಮಾತಿಗೂ ಜಾಗವಿರಲಿ. ನಿಮ್ಮ ಅಭಿಪ್ರಾಯವನ್ನು ಕೊನೆಗೆ ಹೇಳಿ, ಒಂದೇ ಸಲ ಹೇಳಿ.

ಗಂಡುಮಕ್ಕಳನ್ನು ಕೂರಿಸಬೇಕೇ ಎಂಬ ಪ್ರಶ್ನೆ ಸದಾ ಬರುತ್ತದೆ. ಚಿತ್ರವನ್ನು ಎಲ್ಲರೂ ಒಟ್ಟಿಗೆ ನೋಡಲಿ, ಮಾತುಕತೆ ಮೊದಲು ಬೇರೆ ಬೇರೆಯಾಗಿ ನಡೆದು ನಂತರ ಒಟ್ಟಿಗೆ ನಡೆಯಲಿ ಎಂಬುದು ನನ್ನ ಸಲಹೆ. ಮೊದಲಿನಿಂದಲೇ ಒಟ್ಟಿಗೆ ಕೂರಿಸಿದರೆ ಹುಡುಗರು ಜೋಕು ಮಾಡುತ್ತಾರೆ, ಹುಡುಗಿಯರು ನಗುತ್ತಾರೆ, ಅಷ್ಟೇ ಆಗುತ್ತದೆ.

8. ಯಾರಾದರೂ ಬಂದು ಹೇಳಿಕೊಂಡರೆ

ಪ್ರದರ್ಶನದ ಸಂಜೆಯೋ ಎರಡು ದಿನದ ನಂತರವೋ ಒಬ್ಬ ಹುಡುಗಿ ನಿಮ್ಮ ಬಳಿ ಬಂದು, ಮನೆಯಲ್ಲಿ ಮದುವೆ ಗೊತ್ತು ಮಾಡುತ್ತಿದ್ದಾರೆಂದೋ, ಯಾರೋ ಮೈಮುಟ್ಟಿದರೆಂದೋ ಹೇಳಬಹುದು. ಇದಕ್ಕೆ ಸಿದ್ಧರಿಲ್ಲದೆ ಇಂಥ ಚಿತ್ರ ತೋರಿಸಬಾರದು. "ಯಾರಿಗೂ ಹೇಳುವುದಿಲ್ಲ" ಎಂದು ಮಾತು ಕೊಡಬೇಡಿ. ಹದಿನೆಂಟರೊಳಗಿನವರ ಮೇಲಿನ ಲೈಂಗಿಕ ದೌರ್ಜನ್ಯ ತಿಳಿದುಬಂದಾಗ ಅದನ್ನು ಪೊಲೀಸರಿಗೆ ತಿಳಿಸುವುದು ಪೋಕ್ಸೋ ಕಾಯ್ದೆಯ ಪ್ರಕಾರ ಕಡ್ಡಾಯ. ಮಕ್ಕಳ ಸಹಾಯವಾಣಿ 1098, ಮಹಿಳಾ ಸಹಾಯವಾಣಿ 181, ಮಾನಸಿಕ ಆರೋಗ್ಯಕ್ಕಾಗಿ ಟೆಲಿ ಮಾನಸ್ 14416. ಈ ಸಂಖ್ಯೆಗಳನ್ನು ಭಾಷಣದಲ್ಲಿ ಓದಿ ಹೇಳಿದರೆ ಸಾಲದು, ಶೌಚಾಲಯದ ಬಾಗಿಲ ಒಳಬದಿಗೆ ಅಂಟಿಸಿ. ಅಲ್ಲಿ ಬರೆದುಕೊಳ್ಳುವವಳನ್ನು ಯಾರೂ ನೋಡುವುದಿಲ್ಲ.

9. ಮುಂದಿನ ಚಿತ್ರ

ಎರಡನೆಯ ಪ್ರದರ್ಶನದಿಂದಲೇ ಆಯ್ಕೆಯನ್ನು ಹುಡುಗಿಯರಿಗೆ ಬಿಡಿ. ನೀವು ಜರಡಿ ಹಿಡಿದ ಮೂರು ಹೆಸರು ಕೊಟ್ಟು ಚೀಟಿ ಹಾಕಿಸಿ. ಲ್ಯಾಪ್‌ಟಾಪ್ ಜೋಡಿಸುವುದು, ಪರದೆ ಕಟ್ಟುವುದು, ಚರ್ಚೆ ನಡೆಸುವುದು ಅವರ ಕೆಲಸವಾಗಲಿ. ವೈರು ಮುಟ್ಟುವ ಕೆಲಸಕ್ಕೆ ಹುಡುಗರನ್ನು ಕೂಗುವ ಅಭ್ಯಾಸ ಬಿಟ್ಟುಹೋಗಬೇಕು. ಮೈಸೂರಿಗೆ ಹತ್ತಿರವಿರುವವರು ದಸರಾ ಚಲನಚಿತ್ರೋತ್ಸವದ ಪಟ್ಟಿ ಬಂದಾಗ ಅದನ್ನೂ ನೋಡಿ. ತಿಂಗಳಿಗೊಂದು ಪ್ರದರ್ಶನ ಸಾಕು. ಜುಲೈನಲ್ಲಿ ಆರಂಭಿಸಿ ಡಿಸೆಂಬರಿನೊಳಗೆ ಮುಗಿಸಿಕೊಳ್ಳಿ, ಜನವರಿಯ ನಂತರ ಎಸ್ಸೆಸ್ಸೆಲ್ಸಿ ಸಿದ್ಧತೆಯ ಗಡಿಬಿಡಿಯಲ್ಲಿ ಕೊಠಡಿಯೂ ಸಿಗುವುದಿಲ್ಲ, ಮಕ್ಕಳೂ ಸಿಗುವುದಿಲ್ಲ.